ಹಿತ್ತಲಲ್ಲಿ ಏಳು ಬ್ಯಾಟರಿ

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಸಾಯುವ ಸ್ವಾತಂತ್ರ್ಯ ಇರಲಿಲ್ಲ. ಅಪ್ಪ ಬಿಡುತ್ತಿರಲಿಲ್ಲ. ಮುರಿದ ಕೊಡೆಯ ಕಡ್ಡಿ ಮಗ್ಗದ ಕೊಕ್ಕೆಯಾಗುತ್ತಿತ್ತು. ಹರಿದ ಹವಾಯಿ ಚಪ್ಪಲಿಯ ತುಂಡು ಬಾಗಿಲು ಬಡಿಯದಂತೆ ತಡೆಯುವ ಮೆತ್ತೆಯಾಗುತ್ತಿತ್ತು. ಸೈಕಲ್ ಟ್ಯೂಬಂತೂ ಹತ್ತು ಅವತಾರ ಮುಗಿಸಿದ ಮೇಲೂ ಹನ್ನೊಂದನೆಯದಕ್ಕೆ ಕಾಯುತ್ತಾ ಮೊಳೆಗೆ ನೇತಾಡುತ್ತಿತ್ತು. ಯಾರಾದರೂ ಏನನ್ನಾದರೂ ಬಿಸಾಡಲು ಕೈ ಎತ್ತಿದರೆ ಸಾಕು, ನಾಲ್ಕು ಪವರ್‌ಲೂಮ್‌ಗಳ ಗದ್ದಲದ ನಡುವೆಯೂ ಅಪ್ಪನಿಗೆ ಅದು ಗೊತ್ತಾಗುತ್ತಿತ್ತು. "ಇರ್ಲಿ, ಇಡು. ಬೇಕಾಗುತ್ತೆ" ಎನ್ನುತ್ತಿದ್ದರು. ಈಗ ವೇದಿಕೆ ಹತ್ತಿ ಮರುಬಳಕೆಯ ಬಗ್ಗೆ ಭಾಷಣ ಮಾಡುವವರನ್ನು ಕಂಡಾಗ ನನಗೆ ನಗು ಬರುತ್ತದೆ. ನಾನು ಹುಟ್ಟಿ ಬೆಳೆದದ್ದೇ ಅದರ ಕಾರ್ಖಾನೆಯಲ್ಲಿ, ಸ್ವಾಮಿ.

ಟಾರ್ಚಿನ ಸೆಲ್ಲುಗಳಿಗೆ ಅಪ್ಪ ನಾಲ್ಕು ಆಶ್ರಮಗಳನ್ನೇ ವಿಧಿಸಿದ್ದರು. ಹೊಸ ಸೆಲ್ಲು ಮೊದಲು ಟಾರ್ಚಿಗೆ. ಬೆಳಕು ಅರಿಶಿನ ಬಣ್ಣಕ್ಕೆ ತಿರುಗಿದ ಕೂಡಲೇ ಅದಕ್ಕೆ ಗೃಹಸ್ಥಾಶ್ರಮ, ಅಂದರೆ ರೇಡಿಯೋ. ವಾರ್ತೆ ಓದುವವರಿಗೆ ಗಂಟಲು ಕಟ್ಟಿದ ಹಾಗೆ ಕೇಳಿಸಲು ಶುರುವಾದರೆ ವಾನಪ್ರಸ್ಥ. ಸೆಲ್ಲುಗಳನ್ನು ತಾರಸಿಯ ಮೇಲೆ ಹಪ್ಪಳ ಸಂಡಿಗೆಯ ಪಕ್ಕದಲ್ಲಿ ಸಾಲಾಗಿ ಬಿಸಿಲಿಗೆ ಇಡುತ್ತಿದ್ದೆವು. ಒಣಗಿದ ಸೆಲ್ಲು ಮತ್ತೆ ಎರಡು ದಿನ ಉಸಿರಾಡುತ್ತಿತ್ತು. ಆಮೇಲೆ ಸನ್ಯಾಸ. ಕಲ್ಲಿನಲ್ಲಿ ಜಜ್ಜಿ ಒಳಗಿನ ಕರಿ ಕಡ್ಡಿಯನ್ನು ಗೋಡೆಯ ಮೇಲೆ ಗುರುತು ಹಾಕಲು ಇಟ್ಟುಕೊಳ್ಳುವುದು, ಕರಿ ಪುಡಿಯನ್ನು ಪೊಟ್ಟಣ ಕಟ್ಟಿ ಸ್ಕೂಲಿಗೆ ಕಳಿಸುವುದು.

ಸ್ಕೂಲಿಗೆ ಯಾಕೆ ಎಂದರೆ ಅಲ್ಲಿನ ಬೋರ್ಡಿಗೆ. ತಿಂಗಳಿಗೊಮ್ಮೆ ಶನಿವಾರ ಮೇಷ್ಟ್ರು ಎಲ್ಲರಿಗೂ ಸತ್ತ ಸೆಲ್ಲು ತರಲು ಹೇಳುತ್ತಿದ್ದರು. ತೊಂಡೆ ಸೊಪ್ಪಿನ ರಸದಲ್ಲಿ ಆ ಕರಿ ಪುಡಿ ಕಲಸಿ ನಾವು ಬೋರ್ಡಿಗೆ ಉಜ್ಜುತ್ತಿದ್ದೆವು. ಮೊಣಕೈವರೆಗೆ ಮಸಿ. ಕೈ ತೊಳೆದುಕೊಂಡು ತಿಂಡಿ ತಿಂದೆವೋ, ತಿಂಡಿಯಲ್ಲೇ ಕೈ ತೊಳೆದುಕೊಂಡೆವೋ, ಈಗ ನೆನಪಿಲ್ಲ. ಬೋರ್ಡು ಮಾತ್ರ ಫಳಫಳ ಹೊಳೆಯುತ್ತಿತ್ತು. ಸೋಮವಾರ ಮೇಷ್ಟ್ರು ಅದರ ಮೇಲೆ ದುಂಡಗೆ "ನಮ್ಮ ಪರಿಸರ" ಎಂದು ಬರೆದು ಪಾಠ ಶುರುಮಾಡುತ್ತಿದ್ದರು.

ಆದರೆ ನಾನು ಹೇಳಹೊರಟದ್ದು ಸೆಲ್ಲಿನ ವಿಷಯವಲ್ಲ, ಬ್ಯಾಟರಿಯ ವಿಷಯ. ಮತ್ತು ಅಮ್ಮನ ಹಸುವಿನ ವಿಷಯ.

ಎಂಬತ್ತರ ದಶಕದ ಕೊನೆಯಲ್ಲಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಪುರಾಣದ ಧಾರಾವಾಹಿ ಬರುತ್ತಿತ್ತಲ್ಲ, ಆಗ ಅಪ್ಪ ಒಂದು ಪುಟ್ಟ ಕಪ್ಪುಬಿಳುಪು ಟೀವಿ ತಂದರು. ದೊಡ್ಡಬಳ್ಳಾಪುರದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಬಲ್ಲ ಜ್ಯೋತಿಷಿ ಇನ್ನೂ ಹುಟ್ಟಿರಲಿಲ್ಲ. ಆದ್ದರಿಂದ ಟೀವಿಯ ಜೊತೆಗೆ ಒಂದು ಕಾರಿನ ಬ್ಯಾಟರಿಯೂ ಬಂತು. ಕರೆಂಟು ಹೋದಾಗ ಇಡೀ ಬೀದಿಯಲ್ಲಿ ದೇವರು ದರ್ಶನ ಕೊಡುತ್ತಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನೇಕಾರರು, ಅವರ ಹೆಂಡಿರು ಮಕ್ಕಳು, ಮಗ್ಗಕ್ಕೆ ಎಣ್ಣೆ ಹಾಕುತ್ತಿದ್ದವರು ಅದೇ ಕೈಯಲ್ಲಿ, ಎಲ್ಲರೂ ಬಂದು ಕೂರುತ್ತಿದ್ದರು. ಕೆಲವರು ಚಪ್ಪಲಿ ಹೊರಗೆ ಬಿಟ್ಟು, ಟೀವಿಗೆ ಕೈ ಮುಗಿದು, ಆಮೇಲೆ ಬ್ಯಾಟರಿಗೂ ಕೈ ಮುಗಿಯುತ್ತಿದ್ದರು. ಅಪ್ಪ ಅದರ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಬೀದಿಯವರು ಅವರಿಗೆ ಸೈಂಟಿಸ್ಟ್ ಎಂದು ಹೆಸರಿಟ್ಟರು. ತಮಾಷೆಗೆ ಇಟ್ಟದ್ದು. ಅಪ್ಪ ಅದನ್ನು ಬಿರುದು ಎಂದುಕೊಂಡರು.

ಎರಡು ಮೂರು ವರ್ಷದ ಮೇಲೆ ಆ ಬ್ಯಾಟರಿ ನಿಂತುಹೋಯಿತು. ಹೊಸದು ಕೊಳ್ಳಲು ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಒಳ್ಳೆಯ ಮಾತನ್ನೇ ಹೇಳಿದ. "ಹಳೇದನ್ನ ತಂದ್ಕೊಡಿ ಯಜಮಾನ್ರೇ, ಹೊಸದಕ್ಕೆ ರೇಟು ಕಮ್ಮಿ ಮಾಡ್ತೀನಿ. ಕಂಪ್ನಿಯವ್ರು ವಾಪಸ್ ತಗೊಂಡು, ಒಳಗಿರೋ ಸೀಸ ಕರಗಿಸಿ ಮತ್ತೆ ಹೊಸ ಬ್ಯಾಟ್ರಿಗೇ ಹಾಕ್ತಾರೆ. ಮನೇಲಿ ಮಾತ್ರ ಬಿಚ್ಚಕ್ಕೋಗ್ಬೇಡಿ."

ಅಷ್ಟು ಹೇಳಿದ್ದೇ ತಪ್ಪಾಯಿತು. ವಾಪಸ್ ಬರುವ ದಾರಿಯುದ್ದಕ್ಕೂ ಅಪ್ಪ ಯೋಚಿಸಿದರು. ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಕಸಾನ ಕೊಡಿ ಕೊಡಿ ಅಂತ ಯಾರಾದ್ರೂ ಬಾಯಿಬಿಟ್ಟು ಕೇಳ್ತಾರೇನೇ?"

"ರೇಟು ಕಮ್ಮಿ ಮಾಡ್ತೀನಿ ಅಂದ್ರಲ್ಲಪ್ಪ."

"ಅದಕ್ಕೇ ಹೇಳ್ತಿರೋದು. ಅಷ್ಟು ಬಿಡ್ತಾನೆ ಅಂದ್ರೆ ಅದರೊಳಗೆ ಎಷ್ಟಿರ್ಬೇಕು! ಬಿಚ್ಬೇಡಿ ಅಂತ ಬೇರೆ ಹೇಳ್ದ, ನೋಡ್ದಾ?"

ಹಳೆಯ ಬ್ಯಾಟರಿ ಹಿತ್ತಲಲ್ಲೇ ಉಳಿಯಿತು. ಅದೇ ವಾರ ಅದನ್ನು ಬಿಚ್ಚಲಾಯಿತು.

ಒಳಗೆ ಸೀಸ ಇತ್ತು. ಸೀಸವನ್ನು ಕಂಡದ್ದೇ ಅಪ್ಪನಿಗೆ ಮಗ್ಗ ನೆನಪಾಯಿತು. ಸೀರೆಯ ಸೆರಗಿಗೆ, ಅಂಚಿಗೆ ಹೂಬಳ್ಳಿ ಎತ್ತುವ ಜಕಾರ್ಡು ಮಗ್ಗದ ಮೇಲೆ ಕೂತಿರುತ್ತದೆ. ಅದರಿಂದ ನೂರಾರು ದಾರಗಳು ಇಳಿಬಿದ್ದಿರುತ್ತವೆ. ಮೇಲೆದ್ದ ದಾರ ಮತ್ತೆ ಕೆಳಗೆ ಬರಬೇಕಾದರೆ ಪ್ರತಿಯೊಂದರ ತುದಿಗೂ ಒಂದು ತೂಕ ಬೇಕು. ಎಲ್ಲರ ಮನೆಯಲ್ಲೂ ಅದಕ್ಕೆ ಕಬ್ಬಿಣದ ಕಡ್ಡಿ. ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕಿನ ಪುಡಿ ಹಾರಿ ರೇಷ್ಮೆಗೆ ಕಲೆಯಾಗುತ್ತದೆ ಎಂದು ಅಪ್ಪ ವರ್ಷಗಳಿಂದ ಗೊಣಗುತ್ತಿದ್ದರು. ಸೀಸಕ್ಕೆ ತುಕ್ಕಿಲ್ಲ, ತೂಕವೋ ಬೇಕಾದಷ್ಟಿದೆ, ಸಣ್ಣ ಬೆಂಕಿಗೇ ಕರಗುತ್ತದೆ. ದೇವರು ನೇಕಾರರಿಗೆ ಎಂದೇ ಸೀಸವನ್ನು ಮಾಡಿ, ಮರೆತು ಬ್ಯಾಟರಿಯೊಳಗೆ ಇಟ್ಟುಬಿಟ್ಟಿದ್ದಾನೆ ಎಂದು ಅಪ್ಪನಿಗೆ ಖಾತ್ರಿಯಾಯಿತು.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿದರು. ಒದ್ದೆ ಜೇಡಿಮಣ್ಣಿನಲ್ಲಿ ನನ್ನ ಪೆನ್ಸಿಲಿನಿಂದ ಸಾಲಾಗಿ ತೂತು ಒತ್ತಿ ಒಣಗಿಸಿದರೆ ಅದೇ ಅಚ್ಚು. ಹಳೆಯ ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿ ಹೊಯ್ಯುವುದು, ಆರುವ ಮೊದಲೇ ತಂತಿಯ ಕೊಕ್ಕೆ ಚುಚ್ಚುವುದು. ಕಿರುಬೆರಳಿನಷ್ಟು ಉದ್ದದ ಗುಂಡುಗಳು ಬೆಳ್ಳಗೆ ಹೊಳೆಯುತ್ತಾ ಹೊರಬಂದವು. ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಗೆಯ ನಡುವೆ ಕುಕ್ಕರಗಾಲಲ್ಲಿ ಕೂತ ಅಪ್ಪ ನಿಜಕ್ಕೂ ಸೈಂಟಿಸ್ಟ್ ಥರವೇ ಕಾಣುತ್ತಿದ್ದರು. ಒಂದು ಬ್ಯಾಟರಿಯ ಸೀಸ ಅರ್ಧ ಮಗ್ಗಕ್ಕೂ ಸಾಕಾಗಲಿಲ್ಲ. ಬಾಶೆಟ್ಟಿಹಳ್ಳಿ ಕಡೆಯ ರಸ್ತೆಯ ಗ್ಯಾರೇಜುಗಳನ್ನೆಲ್ಲ ಸುತ್ತಿ ಲಾರಿಯದು, ಟ್ರ್ಯಾಕ್ಟರಿನದು ಎಂದು ಇನ್ನೂ ಆರು ಸತ್ತ ಬ್ಯಾಟರಿಗಳನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ತಂದರು. ಒಟ್ಟು ಏಳು. ಸೌದೆ ಒಟ್ಟಿದ್ದ ಮೂಲೆಯಲ್ಲಿ ಸಾಲಾಗಿ ಇಟ್ಟು, ಮಳೆ ಬೀಳದ ಹಾಗೆ ಗೋಣಿ ಹೊದಿಸಿದರು. ನಮಗೆ ಇಲ್ಲದ ಮುತುವರ್ಜಿ ಅವಕ್ಕೆ ಸಿಕ್ಕಿತು.

ಅವುಗಳೊಳಗಿನ ಆಸಿಡ್ಡನ್ನು ಬೇಲಿಯ ಬುಡಕ್ಕೆ ಸುರಿದರು. ಅಲ್ಲಿ ಬೆಳೆದಿದ್ದ ಕಾಂಗ್ರೆಸ್ ಗಿಡ ಮೂರೇ ದಿನಕ್ಕೆ ಕಪ್ಪಾಗಿ ಮಲಗಿತು. ಯಾರ ಕೈಲೂ ಸಾಯದ ಕಳೆಯನ್ನು ಕೊಂದೆ ಎಂದು ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದರು. ಹತ್ತು ದಿನ ಬಿಟ್ಟು ಕರಿಬೇವಿನ ಮರವೂ ಬೋಳಾಯಿತು. ಅದಕ್ಕೆ ಮಾತ್ರ ಪಕ್ಕದ ಮನೆಯವರ ಕಣ್ಣು ಬಿದ್ದಿದೆ ಎಂದು ತೀರ್ಮಾನವಾಯಿತು.

ಈಗ ನನ್ನ ಘನಕಾರ್ಯ. ನಾನು ಆಗ ಎರಡನೇ ಪಿಯುಸಿ ಸೈನ್ಸು. ಸೀಸದ ಬ್ಯಾಟರಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಲೆಕ್ಚರರು ಹೇಳಿದ್ದರು. ನಾನು ಅದನ್ನು ನಿದ್ದೆಗಣ್ಣಲ್ಲೂ ಬರೆಯಬಲ್ಲವಳಾಗಿದ್ದೆ. ಸಮೀಕರಣ ಕಂಠಪಾಠ. ಸೀಸದ ಸಂಯುಕ್ತಗಳು ವಿಷಕಾರಿ ಎಂಬ ಸಾಲಿನ ಕೆಳಗೆ ಕೆಂಪು ಗೆರೆಯನ್ನೂ ಎಳೆದಿದ್ದೆ, ಎರಡು ಸಲ. ಆ ಪುಸ್ತಕವನ್ನು ಮುಚ್ಚಿಟ್ಟು ಹಿತ್ತಲಿಗೆ ಹೋಗಿ, ಕರಗಿಸುವ ಮೊದಲು ಬ್ಯಾಟರಿಯೊಳಗಿನ ಸೀಸದ ಹಲಗೆಗಳನ್ನು ತೊಳೆಯುತ್ತಿದ್ದೆ. ಪುಸ್ತಕದೊಳಗಿನ ಸೀಸಕ್ಕೂ ನಮ್ಮ ಹಿತ್ತಲಿನ ಸೀಸಕ್ಕೂ ಏನಾದರೂ ಸಂಬಂಧ ಇರಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ. ನನಗೆ ಆ ವರ್ಷ ರಸಾಯನಶಾಸ್ತ್ರದಲ್ಲಿ ಕಾಲೇಜಿಗೇ ಹೆಚ್ಚು ಅಂಕ ಬಂತು.

ತೊಳೆಯುತ್ತಿದ್ದದ್ದು ಎಲ್ಲಿ? ನಲ್ಲಿ ನೀರು ವಾರಕ್ಕೆ ಎರಡು ಸಲ. ಬಕೆಟ್ಟು, ಕೊಳದಪ್ಪಲೆ ಎಲ್ಲ ಕುಡಿಯುವ ನೀರಿಗೇ ಮೀಸಲು. ಹಿತ್ತಲಲ್ಲಿ ನೀರು ನಿಲ್ಲುವ ಹಾಗೆ ಇದ್ದದ್ದು ಒಂದೇ, ಹಸುವಿನ ಕಲಗಚ್ಚಿನ ಕಲ್ಲುತೊಟ್ಟಿ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಬೂಸ, ಎಲ್ಲವನ್ನೂ ಅಮ್ಮ ಅದಕ್ಕೆ ಹಾಕುತ್ತಿದ್ದಳು. ಮಧ್ಯಾಹ್ನ ಅದು ಖಾಲಿಯಾದ ಮೇಲೆ ನಾನು ಹಲಗೆಗಳನ್ನು ಅದರಲ್ಲಿ ಅದ್ದಿ, ಬೂದು ಬಣ್ಣದ ನೀರನ್ನು ಚೆಲ್ಲಿ, ತೊಟ್ಟಿಯನ್ನು ಒಮ್ಮೆ ಕೈಯಲ್ಲಿ ಸವರಿ ಬರುತ್ತಿದ್ದೆ. ಸಂಜೆ ಅಮ್ಮ ಅದಕ್ಕೇ ಮತ್ತೆ ಕಲಗಚ್ಚು ಹೊಯ್ಯುತ್ತಿದ್ದಳು.

ಆ ಹಸುವಿನ ಬಗ್ಗೆ ಹೇಳಬೇಕು. ಮನೆಯಲ್ಲಿ ಮಗ್ಗ ಅಪ್ಪನದು, ಮನೆ ತಾತನದು, ಪಾತ್ರೆಗಳ ಮೇಲೆ ಇದ್ದದ್ದೂ ತಾತನ ಹೆಸರೇ. ಅಮ್ಮನದು ಎಂದು ಇದ್ದದ್ದು ಆ ಹಸು ಒಂದೇ. ಅವಳ ತವರು ಕುಂದಾಣ. ಮದುವೆಯಾದ ಹೊಸತರಲ್ಲಿ ಅವಳ ತಾಯಿ ಒಂದು ಹೆಣ್ಣುಗರು ಕೊಟ್ಟು ಕಳಿಸಿದ್ದರು. ಇದು ಅದರ ಮೊಮ್ಮಗಳು. ಆದರೂ ಅಮ್ಮ ಕರೆಯುತ್ತಿದ್ದದ್ದು ಕುಂದಾಣದೋಳು ಎಂದೇ. ಮಗ್ಗದ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಅಮ್ಮ ತನ್ನ ಮಾತನ್ನೆಲ್ಲ ಹಿತ್ತಲಿಗೆ ಹೋಗಿ ಅದರ ಜೊತೆ ಆಡಿ ಬರುತ್ತಿದ್ದಳು. ಹಿಂದಿನ ಎರಡು ಸಲವೂ ಅದು ಹೋರಿಗರು ಹಾಕಿತ್ತು. ಈಗ ಏಳು ತಿಂಗಳ ಗಬ್ಬ. ಈ ಸಲ ಹೆಣ್ಣುಗರು ಹುಟ್ಟದಿದ್ದರೆ ತವರಿನ ಬಳ್ಳಿ ಇಲ್ಲಿಗೇ ಕಡಿದುಹೋಗುತ್ತದೆ ಎಂಬ ಯೋಚನೆ ಅಮ್ಮನಿಗೆ. ಅಮ್ಮನ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಸೀಸ ಕರಗಿಸಿದ ಮೇಲೆ ಸೌಟಿನಲ್ಲಿ ಬೂದಿಯಂಥ ಕಿಟ್ಟ ಉಳಿಯುತ್ತಿತ್ತು. ಅಪ್ಪ ಅದನ್ನು ಸೌದೆಯ ಪಕ್ಕ ಕೊಡವುತ್ತಿದ್ದರು. ಒಂದು ದಿನ ಕಟ್ಟು ಬಿಚ್ಚಿದ ಹಸು ಅಲ್ಲಿಗೆ ಹೋಗಿ ಅದನ್ನು ನೆಕ್ಕುತ್ತಿತ್ತು. ಗೋಣಿಯನ್ನು ಮೂತಿಯಿಂದ ಸರಿಸಿ, ಬಿಚ್ಚಿದ ಬ್ಯಾಟರಿಯ ಒಳಗೂ ನಾಲಿಗೆ ಹಾಕಿತು. ಗಬ್ಬದ ಬಯಕೆ ಎಂದುಕೊಂಡೆ. ಸುಣ್ಣದ ಗೋಡೆ ನೆಕ್ಕುವ ಹಸು, ಮಣ್ಣು ನೆಕ್ಕುವ ಹಸು ನೋಡಿದ್ದೆವಲ್ಲ. "ತಿನ್ನು ತಿನ್ನು, ನಿಂಗೂ ಟಾನಿಕ್ ಬೇಕು" ಎಂದು ನಗುತ್ತಾ ಅಂಗೈಯಲ್ಲಿ ಒಂದು ಹಿಡಿ ಕಿಟ್ಟ ಹಿಡಿದೆ. ಒರಟು ನಾಲಿಗೆ ಅಂಗೈಯನ್ನು ಪೂರ್ತಿ ಒರೆಸಿಕೊಂಡು ಹೋಯಿತು. ಆಮೇಲೆ ಅದು ನನ್ನನ್ನು ಕಂಡಾಗಲೆಲ್ಲ ಕತ್ತು ಚಾಚುತ್ತಿತ್ತು. ನಾನೂ ಕೊಡುತ್ತಿದ್ದೆ.

ಒಂದು ಸೋಮವಾರ ಸಂಜೆ ಅದು ಕಲಗಚ್ಚು ಮುಟ್ಟಲಿಲ್ಲ. ಮಂಗಳವಾರ ಬೆಳಿಗ್ಗೆ ಮೆಲುಕು ಹಾಕುವುದನ್ನು ನಿಲ್ಲಿಸಿ ಸುಮ್ಮನೆ ಹಲ್ಲು ಕಡಿಯುತ್ತಿತ್ತು. ಕಣ್ಣು ತೆರೆದೇ ಇದ್ದರೂ ಅಮ್ಮ ಎದುರು ನಿಂತದ್ದು ಅದಕ್ಕೆ ಗೊತ್ತಾಗಲಿಲ್ಲ. ನಡೆಸಿಕೊಂಡು ಬಂದರೆ ನೇರ ಹೋಗಿ ಗೋಡೆಗೆ ಗುದ್ದಿತು. ಗುದ್ದಿದ ಮೇಲೆ ಹಿಂದೆ ಸರಿಯಲಿಲ್ಲ, ಹಣೆಯನ್ನು ಗೋಡೆಗೆ ಒತ್ತಿಕೊಂಡು ಹಾಗೇ ನಿಂತಿತು. ಬೀದಿಯವರೆಲ್ಲ ಬಂದರು. ದೃಷ್ಟಿ ಎಂದರು ಒಬ್ಬರು, ನಾಗದೋಷ ಎಂದರು ಇನ್ನೊಬ್ಬರು. ಅಮ್ಮ ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ, ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಳು. ಹಸು ಉಳಿದು ಹೆಣ್ಣುಗರು ಹಾಕಿದರೆ ಬೆಳ್ಳಿಯ ನಾಗರ. ಅಪ್ಪ ಇದನ್ನು ಬಹಳ ಹುರುಪಿನಿಂದ ಒಪ್ಪಿದರು. ದೇವರು ಹಿತ್ತಲಿಗೆ ಬಂದು ಗೋಣಿ ಎತ್ತಿ ನೋಡುವುದಿಲ್ಲವಲ್ಲ.

ಮಧ್ಯಾಹ್ನ ದನದ ಆಸ್ಪತ್ರೆಯ ಡಾಕ್ಟರು ಸ್ಕೂಟರಿನಲ್ಲಿ ಬಂದರು. ಕೊಟ್ಟಿಗೆಯಲ್ಲಿ ಬೆಳಕಿಲ್ಲ ಎಂದು ಹಸುವನ್ನು ಮನೆ ಮುಂದಿನ ಓಣಿಗೇ ತಂದು ನಿಲ್ಲಿಸಿದ್ದೆವು. ಅವರು ಕಣ್ಣಿಗೆ ಬೆರಳು ತಂದು ನೋಡಿದರು, ಅದು ರೆಪ್ಪೆ ಹೊಡೆಯಲಿಲ್ಲ. ಅಮ್ಮ ಅವರಿಗೆ ಕೈ ತೊಳೆಯಲು ಬಿಸಿನೀರು ತರಲು ಒಳಗೆ ಹೋದಳು. ಡಾಕ್ಟರು ಅಪ್ಪನನ್ನು ಕೇಳಿದರು.

"ಬಣ್ಣದ ಡಬ್ಬ ಏನಾದ್ರೂ ನೆಕ್ಕಿತಾ? ಹಳೇ ಬ್ಯಾಟ್ರಿ ಗೀಟ್ರಿ ಬಿದ್ದಿದ್ಯಾ ಹಿತ್ಲಲ್ಲಿ?"

"ಛೆ ಛೆ. ಎಲ್ಲಾದ್ರೂ ಉಂಟಾ ಸಾರ್! ನಮ್ದು ಮಗ್ಗದ ಮನೆ. ರೇಷ್ಮೆ ಕೆಲ್ಸ. ಅಂಥ ಗಲೀಜೆಲ್ಲ ಇಟ್ಕೊಳಲ್ಲ ನಾವು."

ಹೀಗೆಂದ ಅಪ್ಪನ ಬೆನ್ನ ಹಿಂದೆ, ತೆರೆದ ಬಾಗಿಲಿನೊಳಗೆ, ಜಕಾರ್ಡಿನ ಕೆಳಗೆ ನೂರಾರು ಸೀಸದ ಗುಂಡುಗಳು ಏಳುತ್ತಾ ಇಳಿಯುತ್ತಾ ಇದ್ದವು. ಡಾಕ್ಟರಿಗೆ ಅವು ಏನೆಂದು ತಿಳಿಯುವುದು ಹೇಗೆ? ತಿಳಿದವಳು ನಾನು, ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಬ್ಯಾಟರಿ ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ನನಗೆ ಎಲ್ಲ ಹೊಳೆದಿತ್ತು. ಕೆಂಪು ಗೆರೆ ಎಳೆದ ಸಾಲು, ತೊಟ್ಟಿಯ ಬೂದು ನೀರು, ಅಂಗೈ, ಎಲ್ಲ. ಅಪ್ಪ ಮರ್ಯಾದೆಗೆ ಹೆದರಿ ಸುಳ್ಳು ಹೇಳಿದರು. ನಾನು ನನ್ನನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡೆ. ಡಾಕ್ಟರು ಇನ್ಯಾವುದೋ ರೋಗವೆಂದುಕೊಂಡು ಅದಕ್ಕೆ ಇಂಜೆಕ್ಷನ್ ಕೊಟ್ಟು ಹೋದರು.

ಬುಧವಾರ ಇಡೀ ದಿನ ಅಪ್ಪ ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ಇಬ್ಬರೂ ಹಿತ್ತಲಿನ ಕಡೆ ಹೋಗಲಿಲ್ಲ. ಅಮ್ಮ ಅಲ್ಲೇ ಕೂತಿದ್ದಳು. ಅದರ ಹಣೆಗೂ ಗೋಡೆಗೂ ನಡುವೆ ಒಂದು ಹಳೆಯ ದಿಂಬು ಇಟ್ಟು, ಅದು ಜಾರಿದಾಗಲೆಲ್ಲ ಸರಿಮಾಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಕಾಲೇಜಿಗೆ ಎಂದು ಹೊರಟು ದನದ ಆಸ್ಪತ್ರೆಗೆ ಹೋದೆ. ಡಾಕ್ಟರ ಎದುರು ನಿಂತು ಎಲ್ಲ ಹೇಳಿದೆ, ಅಂಗೈಯ ವಿಷಯವನ್ನೂ. ಅವರು ಪೆನ್ನು ಕೆಳಗಿಟ್ಟರು.

"ಎಷ್ಟು ಓದಿದ್ದೀಯಮ್ಮಾ?"

"ಸೆಕೆಂಡ್ ಪಿಯುಸಿ ಸಾರ್. ಸೈನ್ಸು."

ಅವರು ಮತ್ತೆ ಪೆನ್ನು ಕೈಗೆತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ದನಗಳಿಗೆ ಅದು ಉಪ್ಪುಪ್ಪಾಗಿ ರುಚಿಸುತ್ತದೆ, ಒಮ್ಮೆ ನೆಕ್ಕಿದರೆ ಹುಡುಕಿಕೊಂಡು ಬರುತ್ತವೆ ಎಂದರು. ಆಮೇಲೆ ಚೀಟಿ ಬರೆಯುತ್ತಾ ತಲೆ ಎತ್ತದೆ ಹೇಳಿದರು. "ಮಂಗಳವಾರಾನೇ ಹೇಳಿದ್ರೆ ಉಳಿಸ್ಕೋಬೋದಿತ್ತು. ಅದನ್ನ ನಂಬಿಕೆಯಿಂದ ಹೇಳ್ತೀನಿ. ಈಗ ನೋಡೋಣ."

ಚೀಟಿ ತಂದು ಅಪ್ಪನ ಕೈಗಿಟ್ಟೆ. ಸೀಸ ಇಳಿಸುವ ಆ ಇಂಜೆಕ್ಷನ್ ಇಲ್ಲಿ ಸಿಗುತ್ತಿರಲಿಲ್ಲ, ಬೆಂಗಳೂರಿಗೇ ಹೋಗಬೇಕಿತ್ತು. ಅಪ್ಪ ಮಗ್ಗ ನಿಲ್ಲಿಸಿ, ಉಟ್ಟ ಪಂಚೆಯಲ್ಲೇ ಓಡಿ ಬಸ್ ಹತ್ತಿದರು. ನಾಲ್ಕು ಮೆಡಿಕಲ್ ಶಾಪು ಸುತ್ತಿ ಸಂಜೆಗೆ ತಂದರು. ಡಾಕ್ಟರು ಬಂದು, ನೆಲಕ್ಕೆ ಬಿದ್ದಿದ್ದ ಹಸುವಿನ ಕತ್ತಿನ ನರಕ್ಕೆ ಅದನ್ನು ಇಳಿಬಿಟ್ಟರು. ಅಮ್ಮ ಬಾಟಲಿ ಹಿಡಿದುಕೊಂಡು ನಿಂತಿದ್ದಳು. ಅವಳ ಎದುರಲ್ಲೇ ಡಾಕ್ಟರು ಅಪ್ಪನಿಗೆ ಹೇಳಿದರು, "ಮೊನ್ನೆ ನಾನು ಬ್ಯಾಟ್ರಿ ಇದ್ಯಾ ಅಂತ ಬಾಯಿಬಿಟ್ಟು ಕೇಳ್ದೆ. ಇಲ್ಲ ಅಂದ್ರಿ. ಈ ಹುಡುಗೀನೂ ಅಲ್ಲೇ ನಿಂತಿದ್ಲು." ಅಮ್ಮ ಸೌದೆಯ ಪಕ್ಕದ ಗೋಣಿಯ ಕಡೆ ಒಮ್ಮೆ ನೋಡಿ, ಮತ್ತೆ ಬಾಟಲಿಯನ್ನೇ ನೋಡುತ್ತಾ ನಿಂತಳು.

ಶುಕ್ರವಾರ ಹೊತ್ತು ಮೂಡುವ ಹೊತ್ತಿಗೆ ಹಸು ಹೋಯಿತು. ಹೊಟ್ಟೆಯೊಳಗಿನದು ಇನ್ನೂ ಸ್ವಲ್ಪ ಹೊತ್ತು ಒದೆಯುತ್ತಿತ್ತು ಎಂದು ಅಮ್ಮ ಆಮೇಲೆ ಯಾರಿಗೋ ಹೇಳಿದ್ದು ಕೇಳಿದ್ದೇನೆ. ನನಗೆ ಹೇಳಲಿಲ್ಲ.

ಊರಾಚೆಯ ನಮ್ಮ ಖಾಲಿ ಸೈಟಿನಲ್ಲಿ ಆಳವಾಗಿ ಗುಂಡಿ ತೋಡಿಸಿದರು. ಚರ್ಮ ಸುಲಿಯಲು ಯಾರಿಗೂ ಕೊಡಬೇಡಿ, ಬಾವಿಯ ಹತ್ತಿರ ಹೂಳಬೇಡಿ ಎಂದು ಡಾಕ್ಟರು ಹೇಳಿದ್ದರು. ಹಸುವನ್ನು ಇಳಿಸಿದ ಮೇಲೆ ಇನ್ನೊಂದು ಗಾಡಿ ಬಂತು. ನೋಡಿದರೆ ಏಳು ಬ್ಯಾಟರಿಗಳು. ಗುಂಡಿ ಹೇಗೂ ತೋಡಿದ್ದಾಗಿದೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ ಮುಗಿಯಲಿ ಎಂದು ಅಪ್ಪನ ಲೆಕ್ಕ. ಅಷ್ಟು ದುಃಖದಲ್ಲೂ ಅಪ್ಪನ ಮಿತವ್ಯಯ ನಿದ್ದೆ ಮಾಡಿರಲಿಲ್ಲ.

ಅಮ್ಮ ಗುಂಡಿಯ ಅಂಚಿಗೆ ಬಂದು ನಿಂತಳು. ಗಂಡಸರ ಎದುರು ಅಪ್ಪನಿಗೆ ಅವಳು ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಅದನ್ನ ಕೊಂದಿದ್ದನ್ನೇ ಅದರ ತಲೆದೆಸೇಲಿ ಇಡ್ತೀರೇನ್ರೀ? ಇಲ್ಲಿ ಹೂತಾಕಿದ್ರೆ ನಾಳೆ ಇಲ್ಲಿ ಹುಲ್ಲು ಹುಟ್ಟುತ್ತೆ. ಇನ್ಯಾರದೋ ಮನೆ ಹಸು ಬಂದು ಮೇಯುತ್ತೆ. ಎತ್ಕೊಂಡೋಗಿ. ಎಲ್ಲಿಗೆ ಕೊಡ್ಬೇಕಿತ್ತೋ ಅಲ್ಲಿಗೇ ಕೊಟ್ಬನ್ನಿ."

ಮಣ್ಣು ಎಳೆಯುತ್ತಿದ್ದವರು ಸನಿಕೆ ನಿಲ್ಲಿಸಿದರು. ಅಪ್ಪ ಗಾಡಿಯನ್ನು ತಿರುಗಿಸಿದರು.

ಶನಿವಾರ ಅವುಗಳನ್ನು ಅಂಗಡಿಗೆ ಹೊತ್ತುಕೊಂಡು ಹೋದರು. ಬರೀ ಬ್ಯಾಟರಿಗಳನ್ನಲ್ಲ, ಮಗ್ಗದಿಂದ ಒಂದೊಂದಾಗಿ ಬಿಚ್ಚಿದ ಗುಂಡುಗಳನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿದ್ದರು. ಬಿಚ್ಚಿದ ಬ್ಯಾಟರಿಗೆ ರಿಯಾಯಿತಿ ಇಲ್ಲ ಎಂದು ಅಂಗಡಿಯವನು ಹೇಳಿದ. ರಿಯಾಯಿತಿ ಬೇಡ, ತಗೊಂಡರೆ ಸಾಕು ಎಂದು ಅಪ್ಪ ಕೈಮುಗಿದರಂತೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ವಸ್ತುವನ್ನು ಅಪ್ಪ ಪುಕ್ಕಟೆ ಕೊಟ್ಟು ಬಂದರು. ಕಬ್ಬಿಣದ ಕಡ್ಡಿಗಳನ್ನು ಉಜ್ಜಿ ಮತ್ತೆ ಕಟ್ಟುವವರೆಗೆ ಒಂದು ವಾರ ಮಗ್ಗ ನಿಂತಿತ್ತು.

ಹಿತ್ತಲಿನ ಮಣ್ಣು ಉಳಿಯಿತು. ಮೇಲಿನ ಒಂದು ಗೇಣು ಕೆರೆದು ತೆಗೆಯಿರಿ ಎಂದಿದ್ದರು ಡಾಕ್ಟರು. ಕೆರೆದೆವು. ಆರು ಗೋಣಿಚೀಲ ತುಂಬಿತು. ಅದನ್ನು ಎಲ್ಲಿಗೆ ಹಾಕಬೇಕು ಎಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಅಪ್ಪ ಒಂದು ಕಚೇರಿಗೆ ಹೋಗಿ ಕೇಳಿದರು. ಅಲ್ಲಿನ ಗುಮಾಸ್ತರು ಮಣ್ಣು ಬೇಕು ಎನ್ನುವವರ ಅರ್ಜಿಗೆ ನಮೂನೆ ಇದೆ, ಮಣ್ಣು ಬೇಡ ಎನ್ನುವವರಿಗೆ ನಮೂನೆ ಬಂದಿಲ್ಲ ಎಂದರು. ಚೀಲಗಳು ಕೊಟ್ಟಿಗೆಯಲ್ಲೇ ಕೂತವು. ಹಸು ಕಟ್ಟುತ್ತಿದ್ದ ಜಾಗದಲ್ಲಿ ಅದನ್ನು ಕೊಂದ ಮಣ್ಣು. ಬಹಳ ವರ್ಷದ ಮೇಲೆ ಮನೆ ಕಟ್ಟುವ ಮೇಸ್ತ್ರಿಯೊಬ್ಬ ಪಾಯಕ್ಕೆ ತುಂಬಲು ಕೇಳಿ ಬಂದ. ಅಪ್ಪ ಕೊಡಲಿಲ್ಲ. ಏನನ್ನೂ ಬಿಸಾಡದ ಮನೆಯಲ್ಲಿ ಬಿಸಾಡಲಾಗದ ವಸ್ತುವೂ ಒಂದಾಯಿತು.

ಹೂತುಬಂದ ಮಾರನೆಯ ವಾರ ಇರಬೇಕು. ಬೆಳಿಗ್ಗೆ ಅಮ್ಮ ಉಳಿದಿದ್ದ ಬೂಸವನ್ನು ಪಕ್ಕದ ಬೀದಿಯವರಿಗೆ ಕೊಡಲು ಚೀಲಕ್ಕೆ ತುಂಬುತ್ತಿದ್ದಳು. ನಾನು ಚೀಲದ ಬಾಯಿ ಹಿಡಿದಿದ್ದೆ. ಆ ನಾಲ್ಕೈದು ದಿನ ಅವಳು ನನಗೆ ಊಟಕ್ಕೆ ಬಾ, ನೀರು ಕಾದಿದೆ ಎಂಬ ಮಾತು ಬಿಟ್ಟು ಬೇರೇನೂ ಆಡಿರಲಿಲ್ಲ. ತುಂಬುವುದನ್ನು ನಿಲ್ಲಿಸದೆ ಕೇಳಿದಳು.

"ಆವತ್ತು ಡಾಕ್ಟ್ರು ಕೇಳ್ದಾಗ ನೀನು ಹೇಳಿದ್ರೆ, ಉಳ್ಕೊಳ್ತಿತ್ತೇನೇ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ತಿಳಿಯಬೇಕಿತ್ತು, ಅಷ್ಟೆ. ಮನೆಯಲ್ಲಿ ಸೈನ್ಸು ಓದಿದವಳು ನಾನೊಬ್ಬಳು, ಅದಕ್ಕೆ ನನ್ನನ್ನು ಕೇಳಿದಳು. ನಾನು ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಇಲ್ಲಮ್ಮ. ಉಳೀತಿರ್ಲಿಲ್ಲ. ಆಗ್ಲೇ ಲೇಟಾಗಿತ್ತಂತೆ. ಡಾಕ್ಟ್ರೇ ಹೇಳಿದ್ರು."

"ಹೌದಾ" ಎಂದಳು ಅಮ್ಮ. ಇನ್ನೊಂದು ಬೊಗಸೆ ಬೂಸ ತುಂಬಿ, "ಹಾಗಾದ್ರೆ ಸರಿ ಬಿಡು" ಎಂದಳು. ಅವಳ ಮುಖದ ಬಿಗು ಅಷ್ಟೂ ದಿನದಲ್ಲಿ ಮೊದಲ ಸಲ ಸಡಿಲವಾಯಿತು. ನನ್ನ ತಲೆ ಸವರಿ ಒಳಗೆ ಹೋದಳು.

ಆಮೇಲೆ ಅಮ್ಮ ಇಪ್ಪತ್ತು ವರ್ಷ ಬದುಕಿದ್ದಳು. ಮತ್ತೆ ಹಸು ಕಟ್ಟಲಿಲ್ಲ. ನಿಜ ಹೇಳಲು ನನಗೆ ಇಪ್ಪತ್ತು ವರ್ಷದ ಅವಕಾಶವಿತ್ತು, ಹೇಳಲಿಲ್ಲ. ಅಪ್ಪನನ್ನು 'ಸೈಂಟಿಸ್ಟ್' ಎಂದು ಈಗಲೂ ನಾವೆಲ್ಲ ನೆನೆದು ನಗುತ್ತೇವೆ. ಏಳು ಬ್ಯಾಟರಿಗಳ ಕಥೆಯನ್ನು ನಾನು ಎಷ್ಟೋ ಕಡೆ ಹೇಳಿ ಜನರನ್ನು ನಗಿಸಿದ್ದೇನೆ. ಕೊನೆಯ ಈ ಭಾಗವನ್ನು ಎಲ್ಲೂ ಹೇಳಿರಲಿಲ್ಲ. ಉಳಿಯುತ್ತಿತ್ತು ಅಮ್ಮ. ನಾನು ಬಾಯಿ ಬಿಟ್ಟಿದ್ದರೆ ಉಳಿಯುತ್ತಿತ್ತು.